ಹೊತ್ತಿನ ಕಡತಕ್ಕೆ ಪದಚ್ಛೇದ

ಕರಡು ತಿದ್ದುವುದು, ಅನುವಾದ ಮಾಡುವುದು, ಪುಸ್ತಕಗಳಿಗೆ ಪದಸೂಚಿ ಕಟ್ಟುವುದು ಇವೇ ಮೊದಲಾದ, ಗಂಟೆಯ ಲೆಕ್ಕದ ಮೇಲೆ ಸಂಭಾವನೆ ನಿಗದಿಯಾಗುವ ಕೆಲಸಗಳಲ್ಲಿ ತೊಡಗಿರುವ ನಾನು, ಎಷ್ಟೋ ವರ್ಷಗಳಿಂದ ನನ್ನ ಗಣಕಯಂತ್ರದಲ್ಲಿ ಒಂದು ಸಣ್ಣ ಕಡತವನ್ನು ಇಟ್ಟುಕೊಂಡು ಬಂದಿದ್ದೇನೆ. ಅದರಲ್ಲಿ ಬಣ್ಣವಿಲ್ಲ, ಕೋಷ್ಟಕವಿಲ್ಲ, ದಪ್ಪಕ್ಷರ ಓರೆಯಕ್ಷರಗಳ ಅಲಂಕಾರವಿಲ್ಲ. ಮೇಜಿನ ಮುಂದೆ ಕುಳಿತಾಗ ಒಂದು ಸಾಲು, ಎದ್ದಾಗ ಒಂದು ಸಾಲು, ಇಷ್ಟೆ. ತಿಂಗಳ ಕೊನೆಯಲ್ಲಿ ಒಂದು ಪುಟ್ಟ ಪ್ರೋಗ್ರಾಮು ಆ ಸಾಲುಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಯಾವ ಕೆಲಸಕ್ಕೆ ಎಷ್ಟು ಗಂಟೆ ಸಂದಿತೆಂಬುದನ್ನು ಒಪ್ಪಿಸುತ್ತದೆ. ತಂತ್ರಾಂಶದವರು ಪಾರ್ಸಿಂಗ್ ಎಂದು ಕರೆಯುವ ಈ ಓದುವ ವ್ಯಾಪಾರ, ಹೊರಗಿನಿಂದ ನೋಡುವವರಿಗೆ ಕೂಡುವ ಕಳೆಯುವ ಲೆಕ್ಕದಂತೆ ತೋರಿದರೂ, ಒಳಹೊಕ್ಕು ನೋಡಿದವರಿಗೆ, ಬಿಡಿಬಿಡಿಯಾದ ಪದಗಳಿಂದ ಒಂದು ವಾಕ್ಯದ ಅರ್ಥ ಹೇಗೆ ಹುಟ್ಟುತ್ತದೆಂದು ನಮ್ಮ ನೈಯಾಯಿಕರೂ ಮೀಮಾಂಸಕರೂ ಶತಮಾನಗಳ ಕಾಲ ಚರ್ಚಿಸಿದ ಪ್ರಶ್ನೆಯ ಒಂದು ಕಿರಿಯ ರೂಪವಾಗಿಯೇ ಕಾಣುತ್ತದೆ.

ಸಮಯದ ಲೆಕ್ಕ ಇಡುವುದಕ್ಕೆ ಅಂದವಾದ ಆ್ಯಪ್‌ಗಳು ಬೇಕಾದಷ್ಟು ಇರುವಾಗ ಸಾದಾ ಪಠ್ಯದ ಕಡತವೇ ಏಕೆಂದು ಕೇಳಬಹುದು. ಯೂನಿಕೋಡ್ ರೂಢಿಗೆ ಬರುವ ಮುನ್ನ ಬಗೆಬಗೆಯ ಫಾಂಟುಗಳಲ್ಲಿ ಕನ್ನಡವನ್ನು ಟೈಪು ಮಾಡಿಟ್ಟವರಿಗೆ ಇದರ ಉತ್ತರ ಬೇರೆಯಾಗಿ ಹೇಳಬೇಕಾಗಿಲ್ಲ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದ ಕೂಡಲೇ ತಾವು ಬರೆದ ಅಧ್ಯಾಯಗಳು ಅರ್ಥವಿಲ್ಲದ ಚಿಹ್ನೆಗಳ ಸಂತೆಯಾದುದನ್ನು ಅವರು ಕಣ್ಣಾರೆ ಕಂಡವರು. ಸಾದಾ ಪಠ್ಯ ಯಾವ ಒಂದು ಸಂಸ್ಥೆಯ ತಂತ್ರಾಂಶಕ್ಕೂ ಋಣಿಯಲ್ಲ. ಇಂದು ಒಂದು ಸಂಪಾದಕ ತಂತ್ರಾಂಶದಲ್ಲಿ ಬರೆದುದನ್ನು ನಾಳೆ ಇನ್ನೊಂದರಲ್ಲಿ ತೆರೆಯಬಹುದು, ಯಂತ್ರವೇ ಇಲ್ಲದಿದ್ದರೆ ಮುದ್ರಿಸಿ ಕನ್ನಡಕ ಹಾಕಿಕೊಂಡು ಓದಬಹುದು. ದುಡಿದ ಹೊತ್ತಿನ ದಾಖಲೆಗೆ ಇದಕ್ಕಿಂತ ಯೋಗ್ಯವಾದ ಆಧಾರವನ್ನು ನಾನು ಕಾಣೆ.

ಈ ಬಗೆಯ ಬರವಣಿಗೆಗೆ ಹಲವು ಸಂಪ್ರದಾಯಗಳಿವೆ. ಅವುಗಳಲ್ಲಿ ಬಹುಶಃ ಅತ್ಯಂತ ಸರಳವಾದುದು, ಈಮ್ಯಾಕ್ಸ್ ಎಂಬ ಪಠ್ಯಸಂಪಾದಕದಲ್ಲಿ ಬಳಸುವುದಕ್ಕೆಂದು ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಜಾನ್ ವೀಗ್ಲಿ ರಚಿಸಿದ ಟೈಮ್‌ಕ್ಲಾಕ್ ಎಂಬ ಕ್ರಮ. ಇದೇ ವೀಗ್ಲಿ ಮುಂದೆ 2003ರಲ್ಲಿ, ಹಣದ ಜಮಾಖರ್ಚನ್ನೂ ಸಾದಾ ಪಠ್ಯದಲ್ಲೇ ಬರೆಯುವ ಲೆಡ್ಜರ್ ಎಂಬ ಪ್ರೋಗ್ರಾಮನ್ನು ಆರಂಭಿಸಿದರು. ಅದರ ಪ್ರೇರಣೆಯಿಂದ ಸೈಮನ್ ಮೈಕೆಲ್ 2007ರಲ್ಲಿ ಎಚ್‌ಲೆಡ್ಜರ್ ಎಂಬುದನ್ನು ಕಟ್ಟಿದರು. ಟೈಮ್‌ಕ್ಲಾಕ್ ಕ್ರಮದಲ್ಲಿ, ಕೆಲಸಕ್ಕೆ ಕುಳಿತಾಗ ‘ಇನ್’ ಎಂಬುದರ ಮೊದಲಕ್ಷರವಾದ ‘ಐ’ಯನ್ನು ಬರೆದು, ಅದರ ಮುಂದೆ 2024/03/10 09:00:00 ಎಂಬಂತೆ ದಿನಾಂಕ ವೇಳೆಗಳನ್ನಿಟ್ಟು, ಕೊನೆಯಲ್ಲಿ ಕೆಲಸದ ಹೆಸರನ್ನು ಸೂಚಿಸತಕ್ಕದ್ದು, ಎದ್ದಾಗ ‘ಔಟ್’ ಎಂಬುದರ ‘ಓ’ ಅಕ್ಷರವನ್ನೂ ಆ ಹೊತ್ತಿನ ವೇಳೆಯನ್ನೂ ಬರೆಯತಕ್ಕದ್ದು. ಕಾರ್ಖಾನೆಯ ಬಾಗಿಲಲ್ಲಿ ಕಾರ್ಡು ಒತ್ತುವ ಗಡಿಯಾರವನ್ನು ಎರಡು ಅಕ್ಷರಗಳಿಗೆ ಇಳಿಸಿದಂತೆ ಇದೆ ಈ ಏರ್ಪಾಡು.

ಇಂಥ ಸಾಲನ್ನು ಯಂತ್ರ ಹೇಗೆ ಅರಿಯುತ್ತದೆ? ಮೊದಲನೆಯದು ಪದಚ್ಛೇದ. ಯಂತ್ರಕ್ಕೆ ಆ ಸಾಲು ಅಕ್ಷರಗಳ ಒಂದು ಸರಪಳಿಯೇ ಹೊರತು, ಇಲ್ಲಿಂದ ಇಲ್ಲಿಗೆ ದಿನಾಂಕ, ಇಲ್ಲಿಂದಾಚೆಗೆ ವೇಳೆ ಎಂಬ ಭೇದಜ್ಞಾನ ಅದಕ್ಕೆ ಸ್ವತಃ ಇಲ್ಲ. ನಾಲ್ಕು ಅಂಕೆ, ಒಂದು ಓರೆಗೆರೆ, ಎರಡು ಅಂಕೆ, ಮತ್ತೊಂದು ಓರೆಗೆರೆ, ಮತ್ತೆರಡು ಅಂಕೆ ಎಂಬ ಅಚ್ಚನ್ನು ಮೊದಲೇ ಕೊಟ್ಟಿದ್ದರೆ, ಸಾಲಿನ ಮೇಲೆ ಆ ಅಚ್ಚನ್ನು ಹೊಂದಿಸಿ ನೋಡಿ, ಹೊಂದಿದಷ್ಟನ್ನು ಕತ್ತರಿಸಿ ಒಂದು ಪದವೆಂದು ಎತ್ತಿಡುತ್ತದೆ. ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂದು ಹೆಸರಾದ ಈ ಅಚ್ಚುಗಳ ಗಣಿತವನ್ನು 1950ರ ದಶಕದಲ್ಲಿ ನಿರೂಪಿಸಿದವರು ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೀನಿ. ಪಠ್ಯದಲ್ಲಿ ಹುಡುಕುವುದಕ್ಕೆ ಅದನ್ನು ಬಳಸುವ ವಿಧಾನವನ್ನು 1968ರಲ್ಲಿ ಪ್ರಕಟಿಸಿದವರು ಕೆನ್ ಥಾಂಪ್ಸನ್. ಇದಕ್ಕಿಂತ ಜಟಿಲವಾದ ಭಾಷೆಗಳ ವ್ಯಾಕರಣವನ್ನು ಬರೆಯುವುದಕ್ಕೆ ಬ್ಯಾಕಸ್ ಮತ್ತು ನೌರ್ ಎಂಬವರ ಹೆಸರಿನ ಸೂತ್ರಪದ್ಧತಿಯೊಂದಿದೆ. ಆ ಪದ್ಧತಿಗೂ ಪಾಣಿನಿಯ ವ್ಯಾಕರಣಗ್ರಂಥವಾದ ಅಷ್ಟಾಧ್ಯಾಯಿಯ ಪದ್ಧತಿಗೂ ಇರುವ ಸಾದೃಶ್ಯವನ್ನು ಕಂಡು, ಅದನ್ನು ಪಾಣಿನಿ-ಬ್ಯಾಕಸ್ ಪದ್ಧತಿಯೆಂದು ಕರೆಯುವುದು ಉಚಿತವೆಂದು ಪೀಟರ್ ಇಂಗರ್ಮನ್ ಎಂಬ ವಿದ್ವಾಂಸರು 1967ರಲ್ಲಿ ಸೂಚಿಸಿದ್ದರೆಂಬುದನ್ನು ಇಲ್ಲಿ ನೆನೆಯಬಹುದು. ಆದರೆ ಹೊತ್ತಿನ ಕಡತಕ್ಕೆ ಅಷ್ಟು ದೊಡ್ಡ ವ್ಯಾಕರಣದ ಅಗತ್ಯವಿಲ್ಲ. ಪದಗಳನ್ನು ಬಿಡಿಸುವುದು ಇಲ್ಲಿ ಸುಲಭ, ಕಷ್ಟವೆಲ್ಲ ಅನ್ವಯದಲ್ಲಿದೆ.

ಪದಗಳು ಕೂಡಿ ವಾಕ್ಯವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಇರಬೇಕೆಂದು ನಮ್ಮ ಶಾಸ್ತ್ರಕಾರರು ನಿರ್ಣಯಿಸಿದ್ದರು. ‘ಹಸುವನ್ನು’ ಎಂದಷ್ಟೇ ಹೇಳಿ ನಿಲ್ಲಿಸಿದರೆ ಕೇಳುವವನ ಮನಸ್ಸು ಮುಂದಿನ ಪದಕ್ಕಾಗಿ ಕಾಯುತ್ತದೆಯಲ್ಲವೆ, ಅದು ಆಕಾಂಕ್ಷೆ. ‘ಬೆಂಕಿಯಿಂದ ತೋಯಿಸು’ ಎಂದರೆ ವ್ಯಾಕರಣಕ್ಕೆ ಕುಂದಿಲ್ಲದಿದ್ದರೂ, ತೋಯಿಸುವ ಶಕ್ತಿ ಬೆಂಕಿಗಿಲ್ಲದ ಕಾರಣ ಅರ್ಥ ಕೂಡಿಬರುವುದಿಲ್ಲ. ಅಲ್ಲಿ ಕೊರತೆಯಾದುದು ಯೋಗ್ಯತೆ. ‘ಹಸುವನ್ನು’ ಎಂದು ಈಗ ನುಡಿದು, ಒಂದು ಜಾವ ಕಳೆದ ಮೇಲೆ ‘ತೆಗೆದುಕೊಂಡು ಬಾ’ ಎಂದರೆ ಆ ಎರಡೂ ಒಂದೇ ವಾಕ್ಯವಾಗಲಾರವು. ಅಲ್ಲಿ ಇಲ್ಲದಿರುವುದು ಸನ್ನಿಧಿ. ನಾನು ಪಾರ್ಸರ್ ಒಂದನ್ನು ಸ್ವತಃ ಬರೆಯತೊಡಗಿದಾಗ, ಈ ಮೂರೂ ಮಾತುಗಳು ಪಾಠಶಾಲೆಯ ಹಳೆಯ ಟಿಪ್ಪಣಿಯಿಂದೆದ್ದು ಬಂದು, ನನ್ನ ಕಡತದಲ್ಲಿದ್ದ ದೋಷಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ತೋರಿಸಿದಂತಾಯಿತು.

‘ಐ’ ಎಂದು ತೊಡಗುವ ಸಾಲು ಒಂದು ಆಕಾಂಕ್ಷೆಯನ್ನು ಹುಟ್ಟಿಸುತ್ತದೆ. ಅದನ್ನು ಓದಿದ ಕ್ಷಣದಿಂದ ಪಾರ್ಸರ್ ‘ತೆರೆದಿದೆ’ ಎಂಬ ಒಂದು ಸ್ಥಿತಿಯಲ್ಲಿ ನಿಂತು, ‘ಓ’ ಸಾಲಿಗಾಗಿ ಕಾಯುತ್ತಿರುತ್ತದೆ. ಅದು ಬಂದೊಡನೆ ಎರಡರ ಅಂತರವನ್ನು ಲೆಕ್ಕ ಹಾಕಿ ‘ಮುಚ್ಚಿದೆ’ ಎಂಬ ಸ್ಥಿತಿಗೆ ಮರಳುತ್ತದೆ. ‘ಓ’ ಬಾರದೆ ಕಡತವೇ ಮುಗಿದುಹೋದರೆ ಏನು ಮಾಡಬೇಕು? ಎಚ್‌ಲೆಡ್ಜರ್ ಅಂಥ ಸಂದರ್ಭದಲ್ಲಿ, ಕೆಲಸ ಇನ್ನೂ ನಡೆಯುತ್ತಿದೆಯೆಂದು ಭಾವಿಸಿ, ವರದಿ ಕೇಳಿದ ಕ್ಷಣದವರೆಗಿನ ಹೊತ್ತನ್ನು ಎಣಿಸಿಕೊಳ್ಳುತ್ತದೆ. ಇದು ವಿವೇಕದ ಮಾತೇ. ಆದರೆ ಒಂದು ‘ಐ’ ಮುಚ್ಚುವ ಮೊದಲೇ ಇನ್ನೊಂದು ‘ಐ’ ಬಂದಾಗ, ಮೊದಲನೆಯ ಕೆಲಸ ಎರಡನೆಯದರ ಆರಂಭಕ್ಕೆ ಮುಗಿದಿರಬೇಕೆಂದು ಊಹಿಸಿ ಮುಂದುವರಿಯುವ ಪಾರ್ಸರುಗಳನ್ನು ನಾನು ಒಪ್ಪಲಾರೆ. ಊಟಕ್ಕೆ ಎದ್ದವನು ‘ಓ’ ಬರೆಯುವುದನ್ನು ಮರೆತಿದ್ದಿರಬಹುದು. ಆ ಊಹೆಯಿಂದ ಅವನ ಊಟದ ಹೊತ್ತೂ ಮಧ್ಯಾಹ್ನದ ವಿಶ್ರಾಂತಿಯೂ ಇನ್ನೊಬ್ಬರು ಹಣ ತೆರಬೇಕಾದ ದುಡಿಮೆಯಾಗಿ ಪರಿಣಮಿಸುತ್ತದೆ.

ಸನ್ನಿಧಿಯ ಲೋಪ ಇನ್ನೂ ಅಪಾಯಕರ. ಶುಕ್ರವಾರ ಸಂಜೆ ಆರಕ್ಕೆ ತೆರೆದ ಕೆಲಸವನ್ನು ಮುಚ್ಚಲು ಮರೆತು, ಸೋಮವಾರ ಬೆಳಗ್ಗೆ ಹತ್ತಕ್ಕೆ ನೆನಪಾಗಿ ‘ಓ’ ಒತ್ತಿದವನ ಕಡತದಲ್ಲಿ ವ್ಯಾಕರಣಕ್ಕೆ ಯಾವ ಕೊರತೆಯೂ ಇಲ್ಲ. ತೆರೆದುದಕ್ಕೆ ಮುಚ್ಚಿದುದುಂಟು, ಕೊನೆ ಮೊದಲಿಗಿಂತ ಅನಂತರವೇ ಇದೆ. ಆದರೂ ಎಡೆಬಿಡದೆ 64 ಗಂಟೆ ಕರಡು ತಿದ್ದಿದ ಮನುಷ್ಯನಿಲ್ಲ. ಆದುದರಿಂದ, ಒಂದೇ ಬಾರಿಯ ಕೆಲಸ ಹನ್ನೆರಡು ಗಂಟೆಗಳನ್ನು ಮೀರಿದರೆ ಅದನ್ನು ಲೆಕ್ಕಕ್ಕೆ ಸೇರಿಸದೆ ಪಕ್ಕಕ್ಕಿಟ್ಟು ನನ್ನನ್ನು ಕೇಳಬೇಕೆಂದು ನನ್ನ ಪ್ರೋಗ್ರಾಮಿಗೆ ವಿಧಿಸಿದ್ದೇನೆ.

ಯೋಗ್ಯತೆಯ ಪರೀಕ್ಷೆ ಎಲ್ಲಕ್ಕಿಂತ ಸೂಕ್ಷ್ಮ. ಮುಗಿದ ವೇಳೆ ತೊಡಗಿದ ವೇಳೆಗಿಂತ ಹಿಂದಿನದಾಗಿದ್ದರೆ ಆ ಸಾಲು ಬೆಂಕಿಯಿಂದ ತೋಯಿಸಿದ ಸಾಲೇ ಸರಿ ಎಂದು ಯಾರಿಗಾದರೂ ತೋರುತ್ತದೆ. ನನಗೂ ಹಾಗೆಯೇ ತೋರಿತ್ತು. ಅಮೆರಿಕದ ಡಲ್ಲಾಸ್ ನಗರದಲ್ಲಿ ರಾತ್ರಿಯ ಪಾಳಿಯಲ್ಲಿ ದುಡಿಯುವ ಕನ್ನಡಿಗನೊಬ್ಬನ ಕಡತವನ್ನು ಕಲ್ಪಿಸಿಕೊಳ್ಳಿ. 2024ರ ನವೆಂಬರ್ 3, ಭಾನುವಾರ, ನಡುರಾತ್ರಿ ಕಳೆದು 1:40ಕ್ಕೆ ಅವನು ಕೆಲಸವನ್ನು ತೆರೆದ, 1:20ಕ್ಕೆ ಮುಚ್ಚಿದ. ಎರಡು ವೇಳೆಗಳೂ ಸತ್ಯ, ಅವನು ದುಡಿದ 40 ನಿಮಿಷವೂ ಸತ್ಯ. ನವೆಂಬರಿನ ಮೊದಲ ಭಾನುವಾರ ಎರಡು ಗಂಟೆಯಾಗುತ್ತಲೇ ಅಲ್ಲಿಯ ಗಡಿಯಾರಗಳು ಮತ್ತೆ ಒಂದಕ್ಕೆ ಹಿಂಜರಿಯುತ್ತವೆ. ಒಂದರಿಂದ ಎರಡರವರೆಗಿನ ಗಂಟೆ ಆ ರಾತ್ರಿ ಎರಡು ಬಾರಿ ಬರುತ್ತದೆ. ಅವನು ವೇಳೆಯ ಜೊತೆಗೆ, ಅದು ಜಾಗತಿಕ ಕಾಲಮಾನಕ್ಕಿಂತ ಎಷ್ಟು ಹಿಂದೆಂಬುದನ್ನೂ ಬರೆದಿದ್ದರೆ, ಎಂದರೆ ಮೊದಲನೆಯದಕ್ಕೆ -05:00, ಎರಡನೆಯದಕ್ಕೆ -06:00 ಎಂದು ಸೇರಿಸಿದ್ದರೆ, ಸಂದೇಹಕ್ಕೆ ಎಡೆಯೇ ಇರುತ್ತಿರಲಿಲ್ಲ. 1988ರಲ್ಲಿ ಮೊದಲು ಪ್ರಕಟವಾದ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕ ಇದಕ್ಕೆ ಕ್ರಮವನ್ನು ವಿಧಿಸಿದೆ. ನಮ್ಮ ದೇಶದಲ್ಲಿ ಗಡಿಯಾರವನ್ನು ಹಿಂದೆ ಮುಂದೆ ಮಾಡುವ ಪದ್ಧತಿ ಈಗ ಇಲ್ಲವಾದುದರಿಂದ +05:30 ಎಂಬ ಒಂದೇ ಅಂಕ ವರ್ಷವಿಡೀ ನಡೆಯುತ್ತದೆ. ಆದರೆ 1942ರಿಂದ 1945ರವರೆಗೆ, ಯುದ್ಧಕಾಲದಲ್ಲಿ, ನಮ್ಮ ಗಡಿಯಾರಗಳೂ ಒಂದು ಗಂಟೆ ಮುಂದಿದ್ದುವು. ಅಂದಿನ ದಿನಚರಿಗಳ ವೇಳೆಗಳನ್ನು ಇಂದು ಯಂತ್ರಕ್ಕೆ ಓದಿಸುವ ಚರಿತ್ರಕಾರರು ಇದನ್ನು ಮರೆಯಬಾರದು.

ದಿನವೆಂಬುದು ಎಲ್ಲಿ ಮುಗಿಯುತ್ತದೆಂಬುದೂ ಇದರಂತೆಯೇ ನಿರ್ಣಯವಾಗಬೇಕಾದ ವಿಷಯ. ಪಂಚಾಂಗದವರಿಗೆ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ; ಕಚೇರಿಗೆ ನಡುರಾತ್ರಿಯಿಂದ ನಡುರಾತ್ರಿಗೆ; ಬೆಂಗಳೂರಿನಲ್ಲಿ ಕುಳಿತು ಪರದೇಶದ ಗಿರಾಕಿಗಳ ಕರೆಗೆ ಉತ್ತರಿಸುವ ರಾತ್ರಿಪಾಳಿಯವರಿಗೆ, ಸಂಜೆ ಮನೆ ಬಿಟ್ಟು ಬೆಳಗ್ಗೆ ಮನೆ ಸೇರುವುದೇ ಒಂದು ದಿನ. ಎಚ್‌ಲೆಡ್ಜರ್ ನಡುರಾತ್ರಿಯನ್ನು ದಾಟಿದ ಕೆಲಸವನ್ನು ಎರಡಾಗಿ ಸೀಳಿ ಎರಡು ದಿನಗಳ ಲೆಕ್ಕಕ್ಕೆ ಹಂಚುತ್ತದೆ. ಕ್ಲಾಗ್ ಎಂಬ ಇನ್ನೊಂದು ಕ್ರಮದಲ್ಲಿಯಾದರೋ, ಬರೆಯುವವನೇ ವೇಳೆಯ ಮುಂದೆ ಒಂದು ಬಾಣದ ಗುರುತನ್ನಿಟ್ಟು, 22:00ರಿಂದ 6:00> ಎಂಬಂತೆ, ಈ ಆರು ಗಂಟೆ ಮರುದಿನದ್ದು, ಆದರೂ ಇಡೀ ಪಾಳಿ ಇಂದಿನದೇ ಎಂದು ಸಾರಬಹುದು. ಎರಡನೆಯದೇ ನನಗೆ ಹೆಚ್ಚು ಹಿಡಿಸಿದೆ. ದುಡಿದವನಿಗೆ ಯಾವುದು ಒಂದು ದಿನವೋ ಅದನ್ನು ಅವನ ಬಾಯಿಂದಲೇ ಕೇಳಿ ತಿಳಿಯುವುದು ನ್ಯಾಯ.

ಇನ್ನು, ನನಗೇ ನಷ್ಟವನ್ನು ತಂದ ಒಂದು ಚುಕ್ಕಿಯ ಸಂಗತಿ. ನಾವು ಕನ್ನಡದಲ್ಲಿ ವೇಳೆಯನ್ನು ಬರೆಯುವಾಗ ಗಂಟೆ ನಿಮಿಷಗಳ ನಡುವೆ ಚುಕ್ಕಿ ಇಡುವುದು ರೂಢಿ: ಬೆಳಗ್ಗೆ 8.30, ಸಂಜೆ 5.45. ಮದುವೆಯ ಆಹ್ವಾನಪತ್ರಿಕೆಗಳಲ್ಲಿಯೂ ಸಭೆಯ ಕರಪತ್ರಗಳಲ್ಲಿಯೂ ಹೀಗೆಯೇ ಅಚ್ಚಾಗುತ್ತದೆ, ಓದಿದವರು ಯಾರೂ ತಪ್ಪು ತಿಳಿಯುವುದಿಲ್ಲ. ಅದೇ ಅಭ್ಯಾಸದಿಂದ ನಾನು ಒಂದು ಪುಸ್ತಕದ ಕೆಲಸಕ್ಕೆ ಲೆಕ್ಕ ಬರೆಯುವಾಗ, ಒಂದೂವರೆ ಗಂಟೆ ಎಂಬರ್ಥದಲ್ಲಿ 1.30 ಎಂದು ಇಪ್ಪತ್ತು ಸಾಲುಗಳಲ್ಲಿ ಬರೆದಿದ್ದೆ. ಆ ಲೆಕ್ಕವನ್ನು ಪಡೆದವರ ಯಂತ್ರ ಅದನ್ನು ದಶಮಾಂಶವೆಂದು ಗ್ರಹಿಸಿತು. ಒಂದು ಗಂಟೆ ಮತ್ತು ಹತ್ತರಲ್ಲಿ ಮೂರು ಭಾಗ ಎಂದರೆ 78 ನಿಮಿಷ. ಪ್ರತಿ ಸಾಲಿನಲ್ಲಿಯೂ 12 ನಿಮಿಷ ಸೋರಿಹೋಗಿ, ಇಪ್ಪತ್ತು ಸಾಲುಗಳಿಗೆ ಸರಿಯಾಗಿ ನಾಲ್ಕು ಗಂಟೆಯ ದುಡಿಮೆ ಕಾಣೆಯಾಯಿತು. ಯಂತ್ರ ಯಾವ ಎಚ್ಚರಿಕೆಯನ್ನೂ ಕೊಡಲಿಲ್ಲ, ಏಕೆಂದರೆ ಅದರ ದೃಷ್ಟಿಯಲ್ಲಿ ಯಾವ ತಪ್ಪೂ ನಡೆದಿರಲಿಲ್ಲ. ಒಂದೇ ಲಿಪಿಗೆ ಎರಡು ಅರ್ಥಗಳಿದ್ದಾಗ, ಎರಡೂ ಸಂಭವನೀಯವಾದಾಗ, ಮೌನವಾಗಿ ಒಂದನ್ನು ಆರಿಸಿಕೊಳ್ಳುವುದೇ ಪಾರ್ಸರ್ ಮಾಡಬಹುದಾದ ಅತಿ ದೊಡ್ಡ ಅಪಚಾರವೆಂದು ಅಂದಿನಿಂದ ನಾನು ನಂಬಿದ್ದೇನೆ. ದಿನಾಂಕದ ವಿಷಯದಲ್ಲಿಯೂ ಇದೇ ಮಾತು: 04/03/2024 ಎಂಬುದು ನಮಗೆ ಮಾರ್ಚಿ ತಿಂಗಳ ನಾಲ್ಕು, ಅಮೆರಿಕದವರಿಗೆ ಏಪ್ರಿಲ್ ಮೂರು. ವರ್ಷವನ್ನು ಮೊದಲು, ತಿಂಗಳನ್ನು ಅನಂತರ, ದಿನವನ್ನು ಕೊನೆಗೆ ಬರೆಯುವುದನ್ನು ನಾನು ರೂಢಿಸಿಕೊಂಡುದು ಈ ಕಾರಣದಿಂದ. ಚುಕ್ಕಿಯನ್ನಂತೂ ಈಗ ನನ್ನ ಪ್ರೋಗ್ರಾಮು ಸ್ವೀಕರಿಸುವುದೇ ಇಲ್ಲ; ಗಂಟೆ ನಿಮಿಷಗಳ ನಡುವೆ ಎರಡು ಚುಕ್ಕಿಗಳ ವಿವರಣಚಿಹ್ನೆಯೇ ಇರಬೇಕು.

ಚುಕ್ಕಿಗೆ ಗೌರವದ ಸ್ಥಾನವನ್ನು ಕೊಟ್ಟ ಕ್ರಮವೂ ಒಂದುಂಟು. ಎಚ್‌ಲೆಡ್ಜರಿನವರ ಟೈಮ್‌ಡಾಟ್ ಎಂಬ ಬರವಣಿಗೆಯಲ್ಲಿ ಕೆಲಸದ ಹೆಸರಿನ ಮುಂದೆ ಎರಡು ತೆರಪುಗಳನ್ನು ಬಿಟ್ಟು ಚುಕ್ಕಿಗಳನ್ನಿಡುತ್ತ ಹೋಗುವುದು. ಒಂದು ಚುಕ್ಕಿಗೆ ಕಾಲು ಗಂಟೆ, ನಾಲ್ಕು ಚುಕ್ಕಿಗಳ ಒಂದು ಗೊಂಚಲಿಗೆ ಒಂದು ಗಂಟೆ. ಹಾಲು ಹಾಕುವವರು ಮನೆಯ ಗೋಡೆಯ ಮೇಲೆ ದಿನಕ್ಕೊಂದು ಗೆರೆ ಎಳೆದು ಲೆಕ್ಕ ಇಡುತ್ತಿದ್ದುದನ್ನು ಕಂಡಿರುವ ನನಗೆ ಇದು ಹಳೆಯ ಪರಿಚಯದಂತೆ ತೋರಿತು. ಆದರೆ ಕಾಲು ಗಂಟೆಗೆ ಸಮೀಪಿಸುವಂತೆ ದುಂಡಗೆ ಮಾಡುವ ಅಭ್ಯಾಸದಲ್ಲಿ ಒಂದು ಎಚ್ಚರ ಬೇಕು. ಎಂಟೆಂಟು ನಿಮಿಷಗಳ ನಾಲ್ಕು ತುಣುಕು ಕೆಲಸಗಳನ್ನು ಒಂದೊಂದಾಗಿ ಕಾಲು ಗಂಟೆಗೆ ಏರಿಸಿದರೆ ಒಟ್ಟು ಒಂದು ಗಂಟೆಯಾಗುತ್ತದೆ. ಮೊದಲು ಕೂಡಿಸಿದರೆ 32 ನಿಮಿಷ, ಅದನ್ನು ದುಂಡಗೆ ಮಾಡಿದರೆ ಅರ್ಧ ಗಂಟೆ. ಕಡತದಲ್ಲಿ ನಿಮಿಷಗಳನ್ನು ಇದ್ದಂತೆಯೇ ಪೂರ್ಣಾಂಕಗಳಾಗಿ ಉಳಿಸಿಕೊಂಡು, ಲೆಕ್ಕವನ್ನು ಒಪ್ಪಿಸುವ ಕೊನೆಯ ಘಳಿಗೆಯಲ್ಲಿ, ಎರಡು ಕಡೆಯವರೂ ಒಪ್ಪಿದ ರೀತಿಯಲ್ಲಿ ಮಾತ್ರ ದುಂಡಗೆ ಮಾಡುವುದು ಪ್ರಾಮಾಣಿಕವಾದ ಮಾರ್ಗ.

ಕನ್ನಡದಲ್ಲಿಯೇ ಕಡತವನ್ನು ಬರೆಯುವವರಿಗೆ ಮಾತ್ರ ಎದುರಾಗುವ ತೊಡಕುಗಳನ್ನು ಹೇಳದೆ ಮುಂದೆ ಹೋಗಲಾರೆ. ‘೦೯:೩೦’ ಎಂದು ನಮ್ಮ ಅಂಕೆಗಳಲ್ಲಿ ವೇಳೆಯನ್ನು ಬರೆದರೆ, ಪೈಥಾನ್ ಭಾಷೆಯ ಈಗಿನ ಆವೃತ್ತಿ ಅದನ್ನು ಅಂಕೆಯೆಂದೇ ಗುರುತಿಸಿ, ಯಾವ ವಿಶೇಷ ಸೂಚನೆಯನ್ನೂ ಕೇಳದೆ ಸಂಖ್ಯೆಯಾಗಿ ಪರಿವರ್ತಿಸುತ್ತದೆ. ಮೊದಲ ಬಾರಿ ಇದನ್ನು ಕಂಡಾಗ ನನಗಾದ ಸಂತೋಷ ಸಣ್ಣದಲ್ಲ. ಜಾವಾಸ್ಕ್ರಿಪ್ಟ್ ಭಾಷೆಯಾದರೋ, ಅಂಕೆಯೆಂಬ ಅಚ್ಚಿಗೆ 0ಯಿಂದ 9ರವರೆಗಿನ ಹತ್ತು ಚಿಹ್ನೆಗಳನ್ನಲ್ಲದೆ ಬೇರೇನನ್ನೂ ಹೊಂದಿಸಿಕೊಳ್ಳುವುದಿಲ್ಲ. ಇದಕ್ಕಿಂತ ಮೋಸಗಾರನೆಂದರೆ ಸೊನ್ನೆ. ಕನ್ನಡದ ಸೊನ್ನೆಯೂ ಅನುಸ್ವಾರವೂ ಕಣ್ಣಿಗೆ ಒಂದೇ ಬಗೆಯ ವೃತ್ತಗಳಾದುದರಿಂದ, ಅನುಸ್ವಾರವಿರಬೇಕಾದೆಡೆಯಲ್ಲಿ ಸೊನ್ನೆಯ ಅಂಕೆಯನ್ನು ಒತ್ತಿದ ಬರಹಗಳು ಎಷ್ಟೋ ಸಿಗುತ್ತವೆ. ‘ಗ್ರಂಥ ಸಂಪಾದನೆ’ ಎಂದು ಒಂದು ಸಾಲಿನಲ್ಲಿಯೂ ‘ಗ್ರ೦ಥ ಸ೦ಪಾದನೆ’ ಎಂದು ಇನ್ನೊಂದು ಸಾಲಿನಲ್ಲಿಯೂ ಇದ್ದರೆ ಓದುಗರು ವ್ಯತ್ಯಾಸವನ್ನು ಗಮನಿಸುವುದೂ ಇಲ್ಲ. ಯಂತ್ರ ಅವನ್ನು ಎರಡು ಬೇರೆ ಕೆಲಸಗಳೆಂದು ಬಗೆದು ಲೆಕ್ಕವನ್ನು ಇಬ್ಭಾಗ ಮಾಡುತ್ತದೆ. ‘ಸಾಫ್ಟ್‌ವೇರ್’ ಎಂಬಂಥ ಪದಗಳಲ್ಲಿ ಒತ್ತಕ್ಷರವಾಗದಂತೆ ತಡೆಯಲು ನಡುವೆ ಸೇರಿಸುವ, ಕಣ್ಣಿಗೇ ಕಾಣದ ಒಂದು ಚಿಹ್ನೆಯುಂಟು. ಅದರ ಇರುವಿಕೆ ಇಲ್ಲದಿರುವಿಕೆಗಳಿಂದಲೂ ಇದೇ ಅನರ್ಥ ಸಂಭವಿಸುತ್ತದೆ. ಆದುದರಿಂದ ಕೆಲಸದ ಹೆಸರುಗಳನ್ನು ಹೋಲಿಸುವ ಮುನ್ನ, ಅಕ್ಷರಗಳ ನಡುವೆ ಸಿಲುಕಿದ ಸೊನ್ನೆಗಳನ್ನು ಅನುಸ್ವಾರವಾಗಿಸಿ, ಕಾಣದ ಚಿಹ್ನೆಗಳನ್ನು ಕಳೆದು, ಒಂದು ಶುದ್ಧ ಪ್ರತಿಯನ್ನು ಮನಸ್ಸಿನಲ್ಲಿ ಮಾಡಿಕೊಂಡು ನೋಡಬೇಕೆಂದು ಯಂತ್ರಕ್ಕೆ ಕಲಿಸಬೇಕಾಗುತ್ತದೆ.

ಮನಸ್ಸಿನಲ್ಲಿ ಎಂದು ನಾನು ಬೇಕೆಂದೇ ಹೇಳಿದೆ. ಕಡತವನ್ನು ಓದುವ ಪ್ರೋಗ್ರಾಮು ಕಡತವನ್ನು ತಿದ್ದಬಾರದು. ಹಸ್ತಪ್ರತಿಯನ್ನು ಪರಿಶೋಧಿಸುವ ಪಂಡಿತರು ಓಲೆಯ ಮೇಲೆ ಕಂಠವನ್ನಾಡಿಸದೆ, ತಮಗೆ ಸರಿಯೆಂದು ತೋರಿದ ಪಾಠವನ್ನು ಬೇರೆ ಕಾಗದದಲ್ಲಿ ಬರೆದುಕೊಳ್ಳುವಂತೆ, ಪಾರ್ಸರ್ ತನ್ನ ಸಂದೇಹಗಳನ್ನು ಪ್ರತ್ಯೇಕವಾಗಿ ನಿವೇದಿಸಬೇಕು. ಇಷ್ಟನೆಯ ಸಾಲು, ಹೀಗೆ ಬರೆದಿದೆ, ಇಂಥದನ್ನು ನಿರೀಕ್ಷಿಸಿದ್ದೆ, ಎಂದು. ‘ತಪ್ಪು ಸಂಭವಿಸಿದೆ’ ಎಂಬಷ್ಟು ಹೇಳಿ ಸುಮ್ಮನಾಗುವ ಪ್ರೋಗ್ರಾಮು ಬರೆದವನನ್ನು ಕತ್ತಲಲ್ಲಿ ಬಿಟ್ಟುಹೋಗುತ್ತದೆ. ಒಂದು ಸಾಲು ಕೆಟ್ಟಿತೆಂದು ಮಿಕ್ಕ ಸಾವಿರ ಸಾಲುಗಳನ್ನು ಓದದೆ ನಿಲ್ಲಿಸುವುದೂ ಸಲ್ಲದು. ಓದಲು ಬಂದುದನ್ನೆಲ್ಲ ಓದಿ, ಬಾರದುದನ್ನು ಒಂದು ಪಟ್ಟಿಯಾಗಿ ಕೊಡುವುದು, ಆ ಪಟ್ಟಿ ತೀರುವವರೆಗೆ ಒಟ್ಟು ಮೊತ್ತವನ್ನು ಅಂತಿಮವೆಂದು ಕರೆಯದಿರುವುದು ವಿಹಿತ. ಖಗೋಳ ವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ಆರಂಭಿಸಿದ ಆರ್ಗ್ ಮೋಡ್ ಎಂಬ ಏರ್ಪಾಡಿನಲ್ಲಿ, ತೊಡಗಿದ ವೇಳೆ, ಮುಗಿದ ವೇಳೆಗಳ ಜೊತೆಗೆ ವಾರದ ಹೆಸರೂ ಅವಧಿಯ ಮೊತ್ತವೂ ಅದೇ ಸಾಲಿನಲ್ಲಿರುತ್ತವೆ. ಪುನರುಕ್ತಿಯೆಂದು ಮೊದಲು ನಾನು ಅದನ್ನು ಆಕ್ಷೇಪಿಸಿದ್ದೆ. ಈಗ ಹಾಗೆ ಹೇಳಲಾರೆ. ಕೈತಪ್ಪಿ ದಿನಾಂಕ ಬದಲಾದರೆ ವಾರ ತಾಳೆಯಾಗುವುದಿಲ್ಲ, ವೇಳೆ ಬದಲಾದರೆ ಮೊತ್ತ ತಾಳೆಯಾಗುವುದಿಲ್ಲ. ಬರೆದವನ ಉದ್ದೇಶಕ್ಕೆ ಎರಡನೆಯ ಸಾಕ್ಷಿಯೊಂದು ಅಲ್ಲಿಯೇ ನಿಂತಿರುತ್ತದೆ.

ಈ ಅಂಕಣವನ್ನು ಬರೆಯಲು ಕುಳಿತ ದಿನ ಬೆಳಗ್ಗೆ, ಕಳೆದ ತಿಂಗಳ ಲೆಕ್ಕವನ್ನು ಕೇಳಿದಾಗ ನನ್ನ ಪ್ರೋಗ್ರಾಮು 214ನೆಯ ಸಾಲನ್ನು ತೋರಿಸಿ, ಪದಸೂಚಿಯ ಕೆಲಸ 15:10ಕ್ಕೆ ತೆರೆದಿದೆ, ಮುಚ್ಚಿಲ್ಲ, ಮುಂದಿನ ಸಾಲು ಮರುದಿನದ್ದು ಎಂದು ನಿವೇದಿಸಿತು. ಆ ಮಧ್ಯಾಹ್ನ ಮಳೆ ಬಂದು ವಿದ್ಯುತ್ತು ಹೋದುದು ನೆನಪಾಯಿತು. ಎಷ್ಟು ಹೊತ್ತಿಗೆಂಬುದು ನೆನಪಾಗಲಿಲ್ಲ. ಅಂದು ತಿದ್ದಿದ ಪುಟಗಳನ್ನು ಎಣಿಸಿ, ನಾಲ್ಕೂಕಾಲಿನ ಸುಮಾರಿಗೆ ಎದ್ದಿರಬೇಕೆಂದು ಗೊತ್ತು ಮಾಡಿಕೊಂಡು, 16:15 ಎಂದು ‘ಓ’ ಸಾಲನ್ನು ಸೇರಿಸಿದೆ. ಅದರ ಕೆಳಗೆ, ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಅರ್ಧವಿರಾಮದ ಚಿಹ್ನೆಯಿಂದ ತೊಡಗಿ, ‘ಮೇಲಿನ ವೇಳೆ ಅಂದಾಜು’ ಎಂದು ಬರೆದಿಟ್ಟೆ.